ಮಾರುವ ಮನೆಗೆ ಮೂರು ಕೋಟು

ನಮ್ಮ ಬೀದಿಯಲ್ಲಿ ಯಾರಾದರೂ ಮನೆಗೆ ಸುಣ್ಣಬಣ್ಣ ಮಾಡಿಸಿದರೆ ಜನರಿಗೆ ಬರುವ ಅನುಮಾನ ಎರಡೇ. ಒಂದು ಮದುವೆ, ಇನ್ನೊಂದು ಮಾರಾಟ. ಕೆಲವು ದಿನ ಕಾದರೂ ಚಪ್ಪರದ ಗಳ ಬಂದು ಇಳಿಯಲಿಲ್ಲವೆಂದರೆ ಎರಡನೆಯದೇ ಖಾತ್ರಿ. ಆಮೇಲೆ ಹಾಲಿನವನಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರೂ "ಎಷ್ಟಕ್ಕೆ ಹೇಳ್ತಿದಾರಂತೆ?" ಎಂದು ಕೇಳತೊಡಗುತ್ತಾರೆ. ಅವರದೇನೂ ತಪ್ಪಿಲ್ಲ. ತಾನು ಇರುವ ಮನೆಗೆ ಕಾರಣವಿಲ್ಲದೆ, ಬರಿಯ ಖುಷಿಗೆಂದು ಬಣ್ಣ ಹೊಡೆಸುವ ಗೃಹಸ್ಥ ನಮ್ಮ ಕಡೆ ಇನ್ನೂ ಹುಟ್ಟಬೇಕಷ್ಟೆ.

ಬಚ್ಚಲುಮನೆಯ ಚಿಲಕ ಕೆಟ್ಟರೆ ನಾವು ಹೊಸ ಚಿಲಕ ಹಾಕಿಸುವುದಿಲ್ಲ. ಒಳಗಿದ್ದಾಗ ಹಾಡು ಹೇಳುವುದನ್ನು ಕಲಿಯುತ್ತೇವೆ. ನಡುಮನೆಯ ಸ್ವಿಚ್ಚನ್ನು ಕೆಳಗೊತ್ತಿ, ಒಂದಿಷ್ಟು ಎಡಕ್ಕೆ ತಳ್ಳಿ ಹಿಡಿದರೆ ಮಾತ್ರ ಫ್ಯಾನು ತಿರುಗುತ್ತದೆ ಎಂಬ ವಿದ್ಯೆ ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಹರಿದುಬರುತ್ತದೆ. ಹೊಸದಾಗಿ ಬಂದ ಸೊಸೆ ಆ ಸ್ವಿಚ್ಚನ್ನು ಮೊದಲ ಸಲಕ್ಕೇ ಒತ್ತಿ ಗೆದ್ದರೆ ಅವಳು ಈ ಮನೆಗೆ ಹೊಂದಿಕೊಂಡಳೆಂದೇ ಅರ್ಥ. ಅದೇ ಮನೆಯನ್ನು ಮಾರುತ್ತೇವೆ ಅಂದ ತಕ್ಷಣ ನೋಡಿ, ಹೆಸರೂ ಗೊತ್ತಿಲ್ಲದ ಯಾರೋ ಒಬ್ಬ ಬಂದು ಆ ಸ್ವಿಚ್ಚು ಒತ್ತಿಬಿಟ್ಟಾನು ಎಂದು ಎಲೆಕ್ಟ್ರಿಷಿಯನ್‌ಗೆ ಫೋನು ಹೋಗುತ್ತದೆ. ಹೆಂಡತಿ ಮಕ್ಕಳಿಗೆ ಸಿಗದ ಮರ್ಯಾದೆ ಕಾಣದ ಗಿರಾಕಿಗೆ!

ಇದನ್ನೆಲ್ಲ ನಾನು ಹತ್ತಿರದಿಂದ ನೋಡಿದ್ದು ನಮ್ಮ ಅಕ್ಕ-ಭಾವ ಮೈಸೂರಿನ ಕುವೆಂಪುನಗರದ ಮನೆ ಮಾರಲು ಹೊರಟಾಗ. ಮೂವತ್ತು-ನಲವತ್ತರ ಸೈಟು, ಭಾವನ ತಂದೆ ಕಟ್ಟಿಸಿದ ಮನೆ, ಆಮೇಲೆ ಭಾವ ಮಹಡಿಯ ಮೇಲೆ ಎತ್ತಿಸಿದ ಒಂದು ರೂಮು. ಮೊಮ್ಮಗು ಬೆಂಗಳೂರಿನಲ್ಲಿ, ಅಕ್ಕನ ಮನಸ್ಸು ಮೊಮ್ಮಗುವಿನ ಹತ್ತಿರ. ಹಾಗಾಗಿ ಮಾರಾಟ. "ಮಾರೋ ಮೊದಲು ಸ್ವಲ್ಪ ಅಲ್ಲಿಲ್ಲಿ ರಿಪೇರಿ ಮಾಡಿಸಿಬಿಟ್ರೆ ನಾಲ್ಕು ಕಾಸು ಜಾಸ್ತಿ ಬರುತ್ತೆ" ಎಂದರು ಭಾವ. ಮೈಸೂರಿಗೆ ಸುಧಾರಣೆ ಹೊಸತಲ್ಲ. ಊರನ್ನು ಅಚ್ಚುಕಟ್ಟಾಗಿ ಬೆಳೆಸಲೆಂದೇ 1903ರಲ್ಲಿ ಸಿ.ಐ.ಟಿ.ಬಿ. ಎಂಬ ನಗರ ಸುಧಾರಣಾ ಮಂಡಳಿ ಕಟ್ಟಿಕೊಂಡ ಊರು ಇದು. ಆದರೆ ಊರು ಸುಧಾರಿಸುವುದಕ್ಕೆ ಒಂದು ಮಂಡಳಿ ಸಾಕಾಯಿತು. ಮನೆ ಸುಧಾರಿಸಲು ಹೊರಟರೆ ನೆಂಟರಿಷ್ಟರೆಲ್ಲ ಮಂಡಳಿಯ ಸದಸ್ಯರೇ.

ಮೊದಲ ಸಲಹೆ ಬಂದದ್ದು ಅಮೆರಿಕದಿಂದ. ಅಕ್ಕನ ದೊಡ್ಡ ಮಗ ಅಲ್ಲಿದ್ದಾನೆ. ಅಲ್ಲಿ ಮನೆ ಮಾರುವುದೆಂದರೆ ಅದೊಂದು ರಂಗಸಜ್ಜಿಕೆಯಂತೆ. ಅದಕ್ಕೆ ಸ್ಟೇಜಿಂಗ್ ಅಂತಲೇ ಹೆಸರಂತೆ. ಮನೆಯವರ ಫೋಟೊಗಳನ್ನೆಲ್ಲ ತೆಗೆದು, ಗೋಡೆಗೆ ಯಾರ ಕಣ್ಣಿಗೂ ಚುಚ್ಚದ ಬೂದು, ಕೆನೆ ಬಣ್ಣ ಬಳಿಸಿ, ಬಾಡಿಗೆಗೆ ಸೋಫಾ ತಂದಿಟ್ಟು, ಗಿರಾಕಿ ಬರುವ ಹೊತ್ತಿಗೆ ಒಲೆಯಲ್ಲಿ ಕುಕೀಸ್ ಬೇಯಿಸಿ ಘಮಘಮ ಹರಡುವವರೂ ಉಂಟಂತೆ. "ವಾಸನೆಗೆ ಇಷ್ಟೆಲ್ಲ ಯಾಕೋ? ಡಿಕಾಕ್ಷನ್ ಇಳಿಸಿದ್ರೆ ಸಾಕು" ಎಂದಳು ಅಕ್ಕ. "ಮತ್ತೆ ಅಜ್ಜ-ಅಜ್ಜಿ ಫೋಟೊ ತೆಗೆಯೋದಿಲ್ಲ. ಗೋಡೆ ಮೇಲೆ ಹಿರಿಯರು ಕಾಣದಿದ್ರೆ ಬಂದೋರು ಇದು ಬಾಡಿಗೆ ಮನೆ ಅಂದ್ಕೋತಾರೆ." ಅಲ್ಲಿ ಕೊಳ್ಳುವವರು ದುಡ್ಡು ಕೊಟ್ಟು ಇನ್‌ಸ್ಪೆಕ್ಟರನ್ನು ಕರೆತಂದು ಮನೆಯ ಬುಡದಿಂದ ಸೂರಿನವರೆಗೆ ವರದಿ ಬರೆಸುತ್ತಾರೆ ಎಂದೂ ಅವನು ಹೇಳಿದ. ಅದಕ್ಕೆ ನಾವು ಬೆದರಲಿಲ್ಲ. ನಮ್ಮಲ್ಲೂ ಇನ್‌ಸ್ಪೆಕ್ಟರ್ ಇದ್ದಾನೆ, ಪುಕ್ಕಟೆ ಬರುತ್ತಾನೆ. ಅವನಿಗೆ ಸೋದರಮಾವ ಎನ್ನುತ್ತಾರೆ.

ಎರಡನೆಯ ಸಲಹೆ ಬ್ರೋಕರನದು. ಸಲಹೆಯಲ್ಲ, ಪ್ರಶ್ನೆ. ಗೇಟಿನ ಹೊರಗೇ ನಿಂತು, ಮನೆಯ ಕಡೆ ನೋಡದೆ ರಸ್ತೆಯ ಅಗಲ ನೋಡುತ್ತ ಕೇಳಿದ: "ಸಾರ್, ಇದನ್ನ ಇರೋ ಮನೆ ಅಂತ ತೋರಿಸ್ಲಾ, ಕೆಡವೋ ಮನೆ ಅಂತ ತೋರಿಸ್ಲಾ?"

ಭಾವನ ಮುಖ ನೋಡಬೇಕಿತ್ತು. ತಂದೆ ಕಟ್ಟಿಸಿದ ಮನೆಯನ್ನು ಒಬ್ಬ ಒಳಗೆ ಕಾಲಿಡದೆಯೇ ಕೆಡವಿಹಾಕಿದನಲ್ಲ! ಆದರೆ ಕೋಪ ಇಳಿದ ಮೇಲೆ ಯೋಚಿಸಿದರೆ, ಇಡೀ ವ್ಯವಹಾರದಲ್ಲಿ ಅಷ್ಟು ಬೆಲೆಬಾಳುವ ಮಾತು ಇನ್ನೊಂದು ಬರಲಿಲ್ಲ. ನಮ್ಮ ಹಳೆಯ ಬಡಾವಣೆಗಳಲ್ಲಿ ಬೆಲೆ ಇರುವುದು ನೆಲಕ್ಕೆ. 1200 ಚದರಡಿಗೆ ಚದರಡಿ ಲೆಕ್ಕದಲ್ಲಿ ಗುಣಿಸಿ, ಮೇಲಿರುವ ಕಟ್ಟಡಕ್ಕೆ ಅದರ ವಯಸ್ಸು ನೋಡಿ ಏನೋ ಒಂದಿಷ್ಟು ಸೇರಿಸುತ್ತಾರೆ. ಕೆಡವಿ ಮೂರಂತಸ್ತು ಎತ್ತಬೇಕೆಂದಿರುವವನಿಗೆ ನಿಮ್ಮ ಹೊಸ ಬಣ್ಣ, ಹೊಸ ಸಿಂಕು, ಹೊಸ ಟೈಲ್ಸ್ ಎಲ್ಲವೂ ಲಾರಿಗೆ ತುಂಬುವ ಡೆಬ್ರಿಸ್ಸೇ. ಅವನು ನೋಡುವುದು ಅಳತೆ ಸರಿಯಿದೆಯೆ, ಕಾಂಪೌಂಡು ಪಕ್ಕದವರ ಜಾಗಕ್ಕೆ ತಗಲಿದೆಯೆ, ಕಾಗದ ಶುದ್ಧವಿದೆಯೆ ಎಂದು ಮಾತ್ರ. ಆದ್ದರಿಂದ ಮೇಸ್ತ್ರಿಯನ್ನು ಕರೆಯುವ ಮೊದಲು ಬ್ರೋಕರನ ಪ್ರಶ್ನೆಗೆ ಉತ್ತರ ಹೇಳಿಕೊಳ್ಳಬೇಕು. ಭಾವ "ಇರೋ ಮನೆ" ಅಂದರು. ಅಂದಮೇಲೆ ಮೇಸ್ತ್ರಿ ಬಂದ.

ಅವನ ಕಣ್ಣು ಮೊದಲು ಬಿದ್ದದ್ದು ನೆಲದ ಮೇಲೆ. ನಡುಮನೆಯದು ಕೆಂಪು ನೆಲ, ರೆಡ್ ಆಕ್ಸೈಡಿನದು. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಕರಣೆಯಲ್ಲಿ ಒತ್ತಿ ಒತ್ತಿ ನುಣುಪು ಮಾಡಿದ್ದು. ಆ ಹೊಳಪು ಅಂಗಡಿಯಲ್ಲಿ ಸಿಗುವುದಿಲ್ಲ. ವರ್ಷಗಟ್ಟಲೆ ಒರೆಸಿದ ಬಟ್ಟೆ, ಓಡಾಡಿದ ಅಂಗಾಲು ಸೇರಿ ಬಂದದ್ದು. ಆದರೆ ಅದರಲ್ಲಿ ಅಲ್ಲಲ್ಲಿ ಕೂದಲೆಳೆಯ ಬಿರುಕು. ಹಿಂದೊಮ್ಮೆ ಪೈಪು ಹಾಕಲು ಒಡೆದು ಮುಚ್ಚಿದ ತೇಪೆ ಬೇರೆ. ಈ ನೆಲದ ಸ್ವಭಾವವೇ ಹಾಗೆ, ತೇಪೆಯ ಬಣ್ಣ ಎಂದೂ ಮೂಲಕ್ಕೆ ಕೂಡುವುದಿಲ್ಲ.

"ಒಡೆಯೋದೇನೂ ಬೇಡ ಸಾರ್. ಇದರ ಮೇಲೇ ವಿಟ್ರಿಫೈಡ್ ಕೂರಿಸಿಬಿಡೋಣ" ಎಂದ ಮೇಸ್ತ್ರಿ.

ಎಷ್ಟು ಸುಲಭ! ಆದರೆ ಟೈಲ್ಸಿಗೂ ಅದರಡಿಯ ಅಂಟಿಗೂ ಒಂದು ದಪ್ಪ ಉಂಟು. ನೆಲ ಅಷ್ಟು ಮೇಲೆ ಬರುತ್ತದೆ. ನೆಲ ಮೇಲೆ ಬಂದರೆ ಬಾಗಿಲು ತೆರೆಯುವುದಿಲ್ಲ. ಎಲ್ಲ ಬಾಗಿಲುಗಳನ್ನೂ ಕಳಚಿ ಅಡಿಯಲ್ಲಿ ಕೊಯ್ಯಬೇಕು. ಅವು ತೇಗದ ಬಾಗಿಲು, ಕೊಯ್ದರೆ ಪಾಲಿಶ್ ಮತ್ತೆ ಆಗಬೇಕು. ಗೋಡೆಯ ಬೀರುವಿನ ಬಾಗಿಲುಗಳದ್ದೂ ಅದೇ ಗತಿ. ಇತ್ತ ಹೊಸ್ತಿಲು ನೆಲಕ್ಕೆ ಹತ್ತಿರವಾಗಿ, ದೇವರಮನೆಯದು ಇದ್ದೂ ಇಲ್ಲದಂತಾಗುತ್ತದೆ. ಬಚ್ಚಲುಮನೆಯೊಳಕ್ಕೂ ಟೈಲ್ಸ್ ಹೋದರೆ ನೀರಿನ ವಾಟ ಹೊಸದಾಗಿ ಕೊಡಬೇಕು, ಹೋಗದಿದ್ದರೆ ಬಾಗಿಲಲ್ಲೊಂದು ಮೆಟ್ಟಿಲಾಗುತ್ತದೆ, ವಯಸ್ಸಾದವರು ಎಡವುತ್ತಾರೆ. ಪ್ರತಿಯೊಂದಕ್ಕೂ ಮೇಸ್ತ್ರಿಯ ಉತ್ತರ ಒಂದೇ: "ಅದೊಂದು ಮಾಡಿಬಿಟ್ರೆ ಆಯ್ತು ಸಾರ್." ಯಾರದೋ ಮದುವೆ ಪತ್ರಿಕೆಯ ಹಿಂದೆ ಅವನು ಬರೆಯುತ್ತಿದ್ದ ಲೆಕ್ಕ ಗಣಪತಿಯ ಚಿತ್ರದವರೆಗೂ ಬಂತು. ಅಲ್ಲಿಗೆ ಅಕ್ಕ ಪತ್ರಿಕೆ ಕಿತ್ತುಕೊಂಡಳು. "ರೀ, ನಾವು ಮನೆ ಮಾರ್ತಾ ಇದೀವೋ, ಕಟ್ಟಿಸ್ತಾ ಇದೀವೋ?"

ನೆಲ ಉಳಿಯಿತು. ಮುಂದಿನ ಸರದಿ ಊಟದ ಮನೆಯ ಗೋಡೆಯದು. ಅಲ್ಲಿ ಸೂರಿಗೆ ಹತ್ತಿರ ಒಂದು ಒಂಟಿಕೊಪ್ಪಲ್ ಕ್ಯಾಲೆಂಡರ್ ತೂಗುತ್ತಿತ್ತು. ತಿಥಿ ನೋಡಬೇಕೆಂದರೆ ಸ್ಟೂಲು ಹತ್ತಬೇಕು. ಅಷ್ಟು ಎತ್ತರದಲ್ಲಿ ಕ್ಯಾಲೆಂಡರ್ ತೂಗಿದೆಯೆಂದರೆ ಅದರ ಹಿಂದೆ ಏನಿದೆಯೆಂದು ಮನೆ ನೋಡಿ ಪಳಗಿದ ಯಾರಿಗೂ ಗೊತ್ತು. ಮಳೆಗಾಲದಲ್ಲಿ ಹರಡಿ ಬೇಸಗೆಯಲ್ಲಿ ಕುಗ್ಗುವ, ಸುತ್ತ ಬಿಳಿ ಉಪ್ಪಿನ ಪುಡಿ ಉದುರಿಸುವ ಒಂದು ತೇವದ ಕಲೆ. ಪೇಂಟಿನವನು "ಪುಟ್ಟಿ ಎಳೆದು, ಪ್ರೈಮರ್ ಒಂದು, ಎಮಲ್ಷನ್ ಎರಡು, ಒಟ್ಟು ಮೂರು ಕೋಟು ಹೊಡೆದ್ರೆ ಗುರುತೇ ಸಿಗಲ್ಲ" ಎಂದ. ಗುರುತು ಸಿಗದಿರುವುದು ಮುಂದಿನ ಮಳೆಯವರೆಗೆ. ನೀರು ಬರುತ್ತಿದ್ದುದು ಗೋಡೆಯಿಂದಲ್ಲ, ತಾರಸಿಯಿಂದ. ಪಕ್ಕದ ಮನೆಯ ಹೊಂಗೆಯ ಎಲೆ ಬಿದ್ದು ಬಿದ್ದು ಮಳೆನೀರಿನ ಕೊಳವೆಯ ಬಾಯಿ ಕಟ್ಟಿತ್ತು. ನಿಂತ ನೀರು, ತಾರಸಿಗೂ ಪ್ಯಾರಪೆಟ್ ಗೋಡೆಗೂ ನಡುವಿನ ಬಿರುಕು ಹುಡುಕಿಕೊಂಡು ಇಳಿಯುತ್ತಿತ್ತು. ಎಲೆ ತೆಗೆಯಬೇಕು, ಬಿರುಕನ್ನು ಕೊರೆದು ಅಗಲಿಸಿ ಗಾರೆ ತುಂಬಬೇಕು, ಮೂಲೆ ಚೂಪಾಗಿ ಉಳಿಯದಂತೆ ದುಂಡಗೆ ತಿದ್ದಬೇಕು, ಮೇಲೆ ವಾಟರ್‌ಪ್ರೂಫ್ ಬಳಿದು, ಒಣಗಿದ ಮೇಲೆ ತಾರಸಿಯಲ್ಲಿ ನೀರು ಕಟ್ಟಿ ನಿಲ್ಲಿಸಿ ನೋಡಬೇಕು. ಕೆಳಗೆ ಗೋಡೆ ಪೂರಾ ಆರಬೇಕು. ಬಣ್ಣದ ಮಾತು ಆಮೇಲೆ. ಕ್ರಮ ತಪ್ಪಿದರೆ ಪೇಂಟಿನ ದುಡ್ಡು ಉಪ್ಪಿನ ಪುಡಿಯ ಜೊತೆ ಉದುರಿಹೋಗುತ್ತದೆ.

ಇಷ್ಟು ಕಷ್ಟ ಯಾಕೆ, ಕ್ಯಾಲೆಂಡರ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. 1882ರ ಆಸ್ತಿ ವರ್ಗಾವಣೆ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ, ಮಾರುವವನಿಗೆ ಗೊತ್ತಿರುವ ದೊಡ್ಡ ದೋಷವನ್ನು ಮಾರುವವನೇ ಬಾಯಿಬಿಟ್ಟು ಹೇಳಬೇಕೆಂದು ಅದು ವಿಧಿಸುತ್ತದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲೇ ನಮ್ಮ ಕ್ಯಾಲೆಂಡರಿನ ಮೇಲೆ ಕಣ್ಣಿಟ್ಟಿದ್ದರು!

ಗೋಡೆ ಆರಲು ಬಿಟ್ಟ ವಿರಾಮದಲ್ಲಿ ವಾಸ್ತು ಪಂಡಿತರು ಬಂದರು. ಕರೆದದ್ದು ಯಾರೆಂದು ಕೊನೆಗೂ ತಿಳಿಯಲಿಲ್ಲ. ಈಶಾನ್ಯದಲ್ಲಿ ಸಂಪು ಇದೆ, ಒಳ್ಳೆಯದು. ಆಗ್ನೇಯದಲ್ಲಿ ಅಡುಗೆಮನೆ, ಅದೂ ಸರಿ. ಆದರೆ ಮಹಡಿಯ ಮೆಟ್ಟಿಲು ಒಂದು ಇರುವಲ್ಲಿ ಇರಬಾರದಿತ್ತು ಎಂದರು. ಮೆಟ್ಟಿಲು ಕಿತ್ತು ಇನ್ನೊಂದು ಮೂಲೆಗೆ ಹಾಕಿದರೆ ಗಿರಾಕಿ ಓಡಿಬರುತ್ತಾನಂತೆ. ಇಲ್ಲಿ ನನ್ನ ಅಭಿಪ್ರಾಯ ಖಚಿತ. ವಾಸ್ತುವನ್ನು ನಂಬುವವರಿರಲಿ ನಂಬದವರಿರಲಿ, ಮಾರುವ ಮನೆಗೆ ವಾಸ್ತು ತಿದ್ದಿಸಕೂಡದು. ಕೊಳ್ಳುವವನು ತನ್ನದೇ ಪಂಡಿತರನ್ನು ಕರೆತರುತ್ತಾನೆ, ಮತ್ತು ಒಬ್ಬರು ಕೂರಿಸಿದ ಮೆಟ್ಟಿಲನ್ನು ಇನ್ನೊಬ್ಬ ಪಂಡಿತರು ಒಪ್ಪಿದ ಉದಾಹರಣೆ ಚರಿತ್ರೆಯಲ್ಲಿಲ್ಲ.

ವಾಸ್ತುವಿಗಿಂತ ಪಂಚಾಂಗವೇ ಲೆಕ್ಕಕ್ಕೆ ಬರುವುದು. ಆಷಾಢದಲ್ಲಿ ಯಾರೂ ಮನೆ ಮಾತು ಎತ್ತುವುದಿಲ್ಲ, ಪಿತೃಪಕ್ಷದಲ್ಲಿ ಮುಂಗಡ ಕೊಡುವುದಿಲ್ಲ, ಧನುರ್ಮಾಸದಲ್ಲಿ ರಿಜಿಸ್ಟರ್ ಆಫೀಸಿನ ಕಡೆ ತಲೆ ಹಾಕುವುದಿಲ್ಲ. ಹಾಗಾಗಿ ಎಲ್ಲರೂ ಆಷಾಢದಲ್ಲೇ ರಿಪೇರಿ ಮುಗಿಸಿ ಶ್ರಾವಣಕ್ಕೆ ಸಿದ್ಧರಾಗಲು ನೋಡುತ್ತಾರೆ. ಆದರೆ ಆಷಾಢವೆಂದರೆ ಮಳೆ. ಬಣ್ಣ ಒಣಗದ ತಿಂಗಳು ಮತ್ತು ಬಣ್ಣ ಹೊಡೆಸಲು ಎಲ್ಲರಿಗೂ ಪುರುಸೊತ್ತಿರುವ ತಿಂಗಳು ಒಂದೇ ಆಗಿರುವುದು ಪೇಂಟಿನವರು ಮಾಡಿದ ಪುಣ್ಯ.

ಕಾಸು ಖರ್ಚಿಲ್ಲದ ಸುಧಾರಣೆಯೂ ಒಂದಿತ್ತು: ಅಟ್ಟ ಖಾಲಿ ಮಾಡುವುದು. ಮನೆ ದೊಡ್ಡದಾಗಿ ಕಾಣಲು ಗೋಡೆ ಒಡೆಯಬೇಕಿಲ್ಲ, ಸಾಮಾನು ಇಳಿಸಿದರೆ ಸಾಕು. ಅಡುಗೆಮನೆಯ ಅಟ್ಟದಿಂದ ಇಳಿದವು: ಡಬ್ಬಿಯಿಂದ ಹೊರಗೇ ಬರದ ಹಾಲು ಕಾಯಿಸುವ ಕುಕ್ಕರ್‌ಗಳು, ದೀಪಾವಳಿ ವಿಶೇಷಾಂಕಗಳ ಕಟ್ಟು, ಕಾಲು ಮುರಿದ ಗೊಂಬೆಗಳ ಪಟಾಲಮ್ಮು, ಎರಡು ಒತ್ತುಶ್ಯಾವಿಗೆ ಮಣೆ, ಒಂದು ಭಾರಿ ತಾಮ್ರದ ಹಂಡೆ. ಹಂಡೆಯನ್ನು ಇಳಿಸಲು ಇಬ್ಬರು ಬೇಕಾಯಿತು. ಗುಜರಿಯವನು ಬಂದು ತೂಕದ ಯಂತ್ರ ತೆಗೆಯುವಷ್ಟರಲ್ಲಿ ಅಕ್ಕ ಅದನ್ನು ಒಳಕ್ಕೆಳೆದಳು. ಅದು ಒಳ್ಳೆಯದೇ ಆಯಿತು.

ಏಕೆಂದರೆ ಅಷ್ಟರಲ್ಲಿ ಬ್ರೋಕರ್ ಕಾಗದ ಕೇಳಿದ. ಮನೆ ಕಟ್ಟಿಸಿದ್ದು ಭಾವನ ತಂದೆ. ಅವರು ಉಯಿಲು ಬರೆದಿರಲಿಲ್ಲ. ಖಾತೆ ಇನ್ನೂ ಅವರ ಹೆಸರಲ್ಲೇ, ಕರೆಂಟು ಬಿಲ್ಲೂ ಅವರ ಹೆಸರಲ್ಲೇ. ತೀರಿಕೊಂಡ ಮೇಲೂ ಆ ಮಹನೀಯರು ಪ್ರತಿ ತಿಂಗಳು ತಪ್ಪದೆ ಬಿಲ್ಲು ಕಟ್ಟುತ್ತಿದ್ದರು. ಸ್ವಂತ ಸಂಪಾದನೆಯ ಆಸ್ತಿಗೆ ಉಯಿಲಿಲ್ಲದಿದ್ದರೆ ಗಂಡುಮಕ್ಕಳಷ್ಟೇ ಹಕ್ಕು ಹೆಣ್ಣುಮಕ್ಕಳಿಗೂ ಉಂಟು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಅದು ಹಾಗೆ. ಅಂದರೆ ವಂಶವೃಕ್ಷ ಮಾಡಿಸಬೇಕು, ಪೌತಿ ಖಾತೆ ಆಗಬೇಕು, ಭಾವನ ತಂಗಿಯರಿಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕು. ಮೇಲೆ ಇ-ಖಾತೆ, 2024ರ ಅಕ್ಟೋಬರ್‌ನಿಂದ ಅದಿಲ್ಲದೆ ಪಟ್ಟಣದ ಆಸ್ತಿ ನೋಂದಣಿಯಾಗುವುದಿಲ್ಲ. ಆಮೇಲೆ ಇ.ಸಿ. ಎಂಬ ಋಣಭಾರ ಪತ್ರ, ಕಂದಾಯದ ರಸೀದಿಗಳು. ನಲ್ಲಿಯ ವಾಷರಿಗೆ ಪ್ಲಂಬರನ ಹಿಂದೆ ಅಲೆದ ಭಾವನಿಗೆ, ಈ ಕಾಗದ ಸರಿಯಿಲ್ಲದೆ ಮನೆಯ ಒಂದಿಟ್ಟಿಗೆಯೂ ಮಾರಾಟವಾಗದು ಎಂದು ಮನದಟ್ಟಾದದ್ದು ಆಗಲೇ. ಗಿರಾಕಿ ದುಡ್ಡು ಕೊಡುವುದು ನಮ್ಮ ಅಭಿರುಚಿಗಲ್ಲ, ತನಗೆ ಅನುಮಾನ ಬಾರದಿರುವುದಕ್ಕೆ. ಅನುಮಾನಗಳಲ್ಲೆಲ್ಲ ದೊಡ್ಡದು ಕಾಗದದ್ದು, ಎರಡನೆಯದು ಸೋರುವುದರದ್ದು.

ಶಿವಮೊಗ್ಗದ ತಂಗಿಗೆ ಭಾವ ಅಳುಕುತ್ತಲೇ ಫೋನು ಮಾಡಿದರು. ಪಾಲಿನ ಮಾತು ಕಾಫಿ ಆರುವಷ್ಟರಲ್ಲಿ ಮುಗಿಯಿತು. "ಸಹಿಗೇನಣ್ಣ, ಬಂದು ಹಾಕ್ತೀನಿ. ಅದಿರಲಿ, ಅಮ್ಮನ ಹಂಡೆ ಎಲ್ಲಿದೆ?" ಎಂದು ಆಕೆ ಕೇಳಿದರು. ಆಮೇಲಿನ ಮಾತೆಲ್ಲ ಹಂಡೆಯದೇ. ಅದನ್ನು ಗುಜರಿಗೆ ಹಾಕಿದ್ದರೆ ಈ ಮಾರಾಟದ ಕಥೆ ಕೋರ್ಟಿನ ದಾರಿ ಹಿಡಿಯುತ್ತಿತ್ತೆಂದು ನನ್ನ ನಂಬಿಕೆ.

ಶ್ರಾವಣದಲ್ಲಿ ಗಿರಾಕಿಗಳು ಬರತೊಡಗಿದರು. ಮೊದಲು ಬಂದದ್ದು ಬೆಂಗಳೂರಿನ ಎಳೆಯ ಜೋಡಿ. ಕೆಂಪು ನೆಲ ಕಂಡದ್ದೇ ತಡ, ಚಪ್ಪಲಿ ಬಿಟ್ಟು, ಕೂತು, ಅಂಗೈಯಿಂದ ಸವರಿ, ಫೋಟೊ ತೆಗೆದು, "ದಯವಿಟ್ಟು ಇದಕ್ಕೆ ಏನೂ ಮಾಡಬೇಡಿ ಅಂಕಲ್" ಎಂದರು. ಭಾವ ಮೇಸ್ತ್ರಿಯನ್ನು ತಾವೇ ಓಡಿಸಿದವರಂತೆ ಅಕ್ಕನ ಕಡೆ ನೋಡಿದರು. ಆ ಜೋಡಿ ಮತ್ತೆ ಬರಲಿಲ್ಲ. ಮನೆ ಕೊಂಡದ್ದು ಸೋದರಮಾವನನ್ನು ಕರೆತಂದವರು. ಆತ ನೆಲ ನೋಡಲಿಲ್ಲ. ಮನೆಯ ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿ ನೀರಿನ ರಭಸ ನೋಡಿದ, ಗೋಡೆಗಳನ್ನು ಬೆರಳಗಂಟಿನಿಂದ ತಟ್ಟಿ ಕೇಳಿದ, ಊಟದ ಮನೆಗೆ ಬಂದವನೇ ನೇರವಾಗಿ ಹೋಗಿ ಕ್ಯಾಲೆಂಡರ್ ಎತ್ತಿದ. ಹಿಂದೆ ಒಣ ಗೋಡೆ. ಭಾವ ತಾವಾಗಿ "ಇಲ್ಲಿ ಸೋರ್ತಿತ್ತು, ಹೀಗೆ ಸರಿಮಾಡಿಸಿದ್ವಿ" ಎಂದು ತಾರಸಿಗೇ ಕರೆದೊಯ್ದು ತೋರಿಸಿದರು. ಆತ ಇಳಿದು ಬಂದು ಕಾಫಿ ಕೇಳಿದ. ಸೋದರಮಾವ ಕಾಫಿ ಕೇಳಿದನೆಂದರೆ ಮುಕ್ಕಾಲು ವ್ಯಾಪಾರ ಕುದುರಿದಂತೆ ಎಂದು ಬ್ರೋಕರ್ ಆಮೇಲೆ ಹೇಳಿದ. ಕೊಂಡವರು ಕೆಂಪು ನೆಲದ ಮೇಲೆ ಟೈಲ್ಸ್ ಹಾಕಿಸುತ್ತಾರಂತೆ. ಬಾಗಿಲು ಕೊಯ್ಯುವ ಕಷ್ಟವೂ ಅವರದೇ.

ಅವರನ್ನು ಇನ್ನಷ್ಟು ಹಿಂಡಲು ಭಾವನಿಗೂ ಮನಸ್ಸು ಬರಲಿಲ್ಲ. ಕೊಳ್ಳುವವರ ಜೇಬು ಮೊದಲೇ ಹಗುರಾಗಿರುತ್ತದೆ. ಮುದ್ರಾಂಕ ಶುಲ್ಕವೇ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಒಂದು ಕೋಟಿಯ ಮನೆಗೆ ಒಂದು ಲಕ್ಷವಿದ್ದದ್ದು ಎರಡು ಲಕ್ಷ. ಅಂಥವರ ಮುಂದೆ "ಹೊಸ ಕರ್ಟನ್ ಹಾಕಿಸಿದೀವಿ, ಸ್ವಲ್ಪ ನೋಡಿ ಕೊಡಿ" ಎಂದರೆ ಏನು ಚೆನ್ನ?

ಎಲ್ಲ ಮುಗಿದ ಮೇಲೆ ಭಾವ ರಿಪೇರಿಯ ಬಿಲ್ಲುಗಳನ್ನೆಲ್ಲ ಒಂದು ಫೈಲಿಗೆ ಹಾಕಿ ಆಡಿಟರ ಬಳಿ ಹೋದರು. ಮನೆಗೆ ಮಾಡಿದ ಸುಧಾರಣೆಯ ಖರ್ಚನ್ನು ಲಾಭದಲ್ಲಿ ಕಳೆದು ಉಳಿದದ್ದಕ್ಕೆ ತೆರಿಗೆ ಎಂದು ಯಾರೋ ಹೇಳಿದ್ದರು. ಅದು ನಿಜವೇ. ಆದರೆ ಆಡಿಟರು ಫೈಲನ್ನು ಎರಡು ಗುಡ್ಡೆ ಮಾಡಿದರು. ಮಹಡಿಯ ಮೇಲೆ ಎತ್ತಿಸಿದ ರೂಮು ಒಂದು ಗುಡ್ಡೆ. ಅದು ಲೆಕ್ಕಕ್ಕೆ ಬರುತ್ತದೆ. ಬಣ್ಣ, ವಾಷರು, ಸ್ವಿಚ್ಚು, ಚಿಲಕ ಇನ್ನೊಂದು ಗುಡ್ಡೆ, ಅದು ಬರುವುದಿಲ್ಲ. ತಂದೆ 1987ರಲ್ಲಿ ಸೇರಿಸಿದ ದೇವರಮನೆಗೂ ಬೇರೆ ಲೆಕ್ಕವಿಲ್ಲ. 2001ರ ಏಪ್ರಿಲ್ 1ಕ್ಕೆ ಮುಂಚಿನದ್ದೆಲ್ಲ ಆ ದಿನದ ಮಾರುಕಟ್ಟೆ ಬೆಲೆಯಲ್ಲೇ ಅಡಕ.

"ಹಾಗಾದ್ರೆ ನಲ್ಲಿ ರಿಪೇರಿಗೆ ಏನೂ ಇಲ್ವಾ?" ಎಂದರು ಭಾವ.

"ಅದರ ಲಾಭ ಮನೇಲಿ ವಾಸ ಮಾಡೋರಿಗೆ ಸಾರ್. ಅಲ್ಲೇ ಸಂದಾಯ ಆಗಿರುತ್ತೆ."

ಆದಾಯ ತೆರಿಗೆಯ ಕಾನೂನಿನಲ್ಲಿ ಇಷ್ಟು ಬದುಕಿನ ವಿವೇಕ ಇರಬಹುದೆಂದು ನಾನು ಎಣಿಸಿರಲಿಲ್ಲ. ಕಾನೂನಿನ ಪ್ರಕಾರ ದುರಸ್ತಿ ಬಂಡವಾಳವೇ ಅಲ್ಲ, ದಿನಬಳಕೆ. ಮಾರುವ ವಾರದಲ್ಲಿ ಕೆಟ್ಟ ನಲ್ಲಿ ಸರಿಮಾಡಿಸಿದವನಿಗೆ ಅದರ ಸುಖವೂ ಇಲ್ಲ, ರಿಯಾಯಿತಿಯೂ ಇಲ್ಲ. ಹತ್ತು ವರ್ಷ ಮೊದಲೇ ಮಾಡಿಸಿದವನು ಹತ್ತು ವರ್ಷದ ಸುಖ ಉಂಡಿರುತ್ತಾನೆ. ಆದ್ದರಿಂದ ಮಾರುವ ಯೋಚನೆ ಇರುವವರು ಕಾಗದ ಸರಿಮಾಡಿಕೊಳ್ಳಿ, ಸೋರುವುದನ್ನು ನಿಲ್ಲಿಸಿ, ಉಳಿದದ್ದನ್ನು ಕೊಳ್ಳುವವನ ಪಾಲಿಗೆ ಬಿಡಿ. ಮಾರುವ ಯೋಚನೆ ಇಲ್ಲದವರು ಈ ವಾರವೇ ಪ್ಲಂಬರನಿಗೆ ಫೋನು ಮಾಡಿ. ಅವನು ಬರುವುದು ಹೇಗೂ ಮುಂದಿನ ತಿಂಗಳು.